ಹಾಲಮ್ಮ ಹಾಕದ ಬಿಳಿ ಬಟ್ಟೆ

ಆ ಬಿಳಿ ಬಟ್ಟೆ ಹಾಕಿದವನು ನಾನು, ಗಿರಿಜಾ. ಹಾಲಮ್ಮ ಅಲ್ಲ. ನಿನ್ನ ಚೊಚ್ಚಲ ಮಗನ ತೊಟ್ಟಿಲಿಗೆಂದು ಚನ್ನಗಿರಿಯ ನನ್ನ ಟೈಲರ್ ಅಂಗಡಿಯಲ್ಲಿ ಹೊಲಿದ ಕೌದಿಗೆ ಅವ್ವನ ಸೀರೆಯ ತುಂಡುಗಳನ್ನು ಕದ್ದುಮುಚ್ಚಿ ಸೇರಿಸಿದ್ದು — ನಿನ್ನ ಒಡಹುಟ್ಟಿದ ಅಣ್ಣ.

ಆ ಕೌದಿ ನಿನಗೆ ನೆನಪಿರಬಹುದು. ಪ್ರತಿ ಚೌಕಟ್ಟಿನ ನಡುವೆ ಒಂದು ಕೆಂಪು ಚೌಕ, ಅದರ ಸುತ್ತ ಪಟ್ಟಿಗೆ ಪಟ್ಟಿ ಕೂಡಿಸುತ್ತಾ ಹೋಗುವುದು — ಒಂದು ಮಗ್ಗುಲಿಗೆ ಹಳದಿ, ತಿಳಿಹಸಿರು. ಇನ್ನೊಂದಕ್ಕೆ ಕಡುನೀಲಿ, ಕಂದು. ಹೂವಿಲ್ಲ, ಚುಕ್ಕಿಯಿಲ್ಲ, ಎಲ್ಲವೂ ಒಂದೊಂದೇ ಬಣ್ಣದ ಬಟ್ಟೆ. ಇದನ್ನೆಲ್ಲ ನಾನು ಮಿಷಿನ್ನಿನಲ್ಲಿ ಕೂಡಿಸುತ್ತಿದ್ದೆ. ಆಮೇಲೆ ಹಳೇ ಬಟ್ಟೆಗಳ ಮೇಲೆ ಹರಡಿ ಕೈಯಿಂದ ದಾರ ಹಾಯಿಸುವುದು, ಅಂಗಡಿಗೆ ಕೈಹೊಲಿಗೆಗೆ ಬರುತ್ತಿದ್ದ ಹಾಲಮ್ಮನ ಕೆಲಸ.

ಹೊನ್ನಾಳಿಯಿಂದ ಹೆರಿಗೆಗೆ ಬಂದಾಗಲೇ ನೀನು ಹೇಳಿದ್ದೆ. "ಅಣ್ಣ, ಅವ್ವನ ಬಿಳೇ ಸೀರೆ ಮಾತ್ರ ಬ್ಯಾಡ. ಗಂಡ ಸತ್ತೋರ ಸೀರೆ ಕೂಸಿಗೆ ಆಗಿಬರಲ್ಲ ಅಂತಾರೆ ನಮ್ಮತ್ತೆ." ಹೂಂ ಅಂದೆ. ಅದೇ ಸಂಜೆ ಅವ್ವ ಸೀರೆ ಮಡಚಿ ನನ್ನ ಕೈಗಿಟ್ಟಳು. "ಉಟ್ಟು ಉಟ್ಟು ಮೆತ್ತಗಾಗೈತೆ ಕಣೋ. ಕೂಸಿನ ಮೈಗೆ ಇರ್ಲಿ." ಅವಳಿಗೂ ಹೂಂ ಅಂದೆ. ಬಣ್ಣದ ಪುಡಿ ತಂದು, ಕುದಿಯುವ ನೀರಿನಲ್ಲಿ ಅದ್ದಿ, ಆ ಬಿಳಿಯನ್ನು ಕೆಂಪು ಮಾಡಿ ನಡುವಿನ ಚೌಕಗಳಿಗೆಲ್ಲ ಇಟ್ಟೆ. ಬಣ್ಣ ನಿಲ್ಲಲು ಉಪ್ಪು ಹಾಕಬೇಕೆಂಬುದು ನನಗೆ ಹೊಳೆಯಲೇ ಇಲ್ಲ.

ಒಂದೆರಡು ಸಲ ಒಗೆಯುವುದರಲ್ಲಿ ಕೆಂಪೆಲ್ಲ ಇಳಿದು ಅವ್ವನ ಸೀರೆಯ ಬಿಳಿ ಹೊರಬಿತ್ತು. ಕೌದಿ ತಂದು ಅಂಗಡಿಯೊಳಗೆ ಎಸೆದೆ ನೀನು. ಬಟ್ಟೆ ಹೊಲಿಸಲು ಬಂದ ಓಣಿಯ ಹೆಂಗಸರೆಲ್ಲ ನಿಂತಿದ್ದರು.

"ಯಾರು ಹಾಕಿದ್ದು ಇದನ್ನ?"

"ಹಾಲಮ್ಮನೇ ಹಾಕಿರ್ಬೇಕು" ಅಂದೆ.

ದಾರ ಕಡಿಯುತ್ತಿದ್ದ ಹಾಲಮ್ಮ ತಲೆ ಎತ್ತಿದಳು. "ಹಾಕಿರ್ಬೇಕು ಬಿಡ್ರಿ. ಮಿಷಿನ್ನೂ ನಾನೇ ತುಳಿದಿರ್ಬೇಕು."

ಯಾರೂ ಆ ಮಾತು ಹಿಡಿಯಲಿಲ್ಲ. ನಡುವಿನ ಚೌಕ ಕೂಡಿಸಿದ್ದು ಮಿಷಿನ್ನು, ಮಿಷಿನ್ನಿಗೆ ಕೂರುತ್ತಿದ್ದವನು ನಾನೊಬ್ಬನೇ — ನೀನಾದರೂ ಹೊಲಿಗೆ ತಿರುವಿ ನೋಡಿದ್ದರೆ... ಬೇಡ, ನಿನ್ನ ಮೇಲೆ ಹಾಕುವುದಿಲ್ಲ. ಅಂದಿನಿಂದ ಓಣಿಯಲ್ಲಿ ಯಾರೂ ಅವಳಿಗೆ ಕೌದಿ ಹೊಲಿಯಲು ಕೊಡಲಿಲ್ಲ. ಅಡಿಕೆ ಸುಲಿಯಲು ಹೋದಳು. ಸೀರೆ ಕೊಟ್ಟವಳೇ ಅವಳೆಂದು ಹೊರಬಿದ್ದರೆ ಅಂಗಡಿಯ ಹಿಂದಿನ ಮನೆಯಲ್ಲಿ ಮಲಗಿದ್ದ ಅವ್ವ ನೊಂದುಕೊಳ್ಳುತ್ತಾಳೆಂದು ಸುಳ್ಳಾಡಿದೆ — ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಗಿರಾಕಿಗಳು ತಪ್ಪಿಹೋಗುತ್ತಾರೆಂದು ಹೆದರಿದ್ದೆ, ಅಷ್ಟೇ.

ಆದರೆ ಅವ್ವನ ಸೀರೆ ಹಾಕಿದ್ದಕ್ಕೆ ನಾನು ತಲೆ ತಗ್ಗಿಸುವುದಿಲ್ಲ, ಗಿರಿಜಾ. ಬೇಕಾದರೆ ಬಯ್ಯಿ. ನಮ್ಮಿಬ್ಬರನ್ನೂ ಸಾಕಿದವಳ ಮೈಮೇಲಿನ ಬಟ್ಟೆ ಅದು. ಏನಾಯಿತು ನಿನ್ನ ಕೂಸಿಗೆ? ಬಾಗಿಲಿಗೆ ತಲೆ ತಾಗುವಷ್ಟು ಬೆಳೆದಿದ್ದಾನೆ. ನಿಮ್ಮತ್ತೆ ಬದುಕಿದ್ದರೆ ಅವರೆದುರಿಗೂ ಇದನ್ನೇ ಹೇಳುತ್ತಿದ್ದೆ. ಇವತ್ತು ಕೊಟ್ಟರೂ ಹಾಕುತ್ತೇನೆ — ಬಣ್ಣ ಅದ್ದದೆ, ಬಿಳಿಯಾಗಿಯೇ.

ಮೊನ್ನೆ ಹಾಲಮ್ಮನ ಮನೆಗೆ ಹೋಗಿ ಕೈಮುಗಿದೆ. "ನನ್ ಮುಂದೆ ಹೇಳಾಕೆ ಬಂದೀರಾ ಅಣ್ಣಾರೆ? ನಂಗೊತ್ತಿಲ್ವ? ಗೊತ್ತಿಲ್ದೋರ ಮುಂದೆ ಹೇಳ್ರಿ" ಎಂದಳು. ಅದಕ್ಕೇ ಮೊದಲು ನಿನಗೆ ಹೇಳುತ್ತಿದ್ದೇನೆ.

ಅಂದು ಅಂಗಡಿಯಲ್ಲಿ ನಿಂತು ಕೇಳಿದವರಲ್ಲಿ ಕೆಲವರು ಈಗಲೂ ಅದೇ ಓಣಿಯಲ್ಲಿದ್ದಾರೆ. ಸೋಮವಾರ ಒಬ್ಬೊಬ್ಬರ ಮನೆಗೂ ಹೋಗುತ್ತೇನೆ. ಹಾಲಮ್ಮನೂ ಬರುತ್ತಾಳಂತೆ — "ಪೂರ್ತಿ ಹೇಳ್ತೀರೋ, ಅರ್ಧ ನುಂಗ್ತೀರೋ, ನೋಡ್ಬೇಕಲ್ಲ." ನೀನೂ ಬಾ. ಬಾರದಿದ್ದರೂ ಹೇಳುತ್ತೇನೆ.