ಸುಳ್ಳದ ಗೋದಾಮಿನ ಸುಣ್ಣದ ಗೋಡೆ

ಅಥವಾ ಅಂದು ಮೋಡವೇ ಇರಲಿಲ್ಲವೇನೋ. ನಮ್ಮೂರ ಕೆಲಗೇರಿ ಕೆರೆಯ ಮೇಲೆ ಕಪ್ಪಾದದ್ದನ್ನು ಕಂಡು ಕೊಡೆ ಹಿಡಿದು ಹೊರಟೆ ಎಂದು ನನ್ನ ನೆನಪು. ಜೊತೆಗೆ ಬಂದಿದ್ದ ಸುಮಂಗಲಾ ಅಕ್ಕೋರು ಮಾತ್ರ, "ಕೊಡಿ ತಂದಿದ್ದು ಬಿಸಲಿಗ್ರಿ ಸರ್" ಎನ್ನುತ್ತಾರೆ. ಬಸ್ಸಿನ ಟಿಕೆಟು ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಹವೆಯ ಸುದ್ದಿ ಇಲ್ಲ.

ನಾವಿಬ್ಬರೂ ಖಾಸಗಿ ಶಾಲೆಗಳ ಮಾಸ್ತರರ ಪಿಂಚಣಿ ನಿಧಿಯ ಟ್ರಸ್ಟಿಗಳು. ಅಕ್ಕೋರು ನಿವೃತ್ತ ಗಣಿತ ಶಿಕ್ಷಕಿ. ನನ್ನ ನಿವೃತ್ತಿಗೆ ಇನ್ನೆರಡು ವರ್ಷ. ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯಲ್ಲಿ ಹತ್ತಿ ಗೋದಾಮು ಇಟ್ಟಿರುವ ಕಂಪನಿಯೊಂದು ತನ್ನ ಹದಿನೈದು ವರ್ಷದ ಬಾಂಡುಗಳನ್ನು ನಿಧಿ ಕೊಳ್ಳಲಿ ಎಂದು ಕೇಳಿತ್ತು. ನಮ್ಮ ಅರ್ಜಿ ನಮೂನೆಯಲ್ಲಿ ಈಚೆಗೆ ಹವಾಮಾನ ಬದಲಾವಣೆಯ ಅಪಾಯ ಎಂಬ ಕಲಮು ಸೇರಿದೆ. ಗೋದಾಮು ಮುಳುಗಿದರೆ ಬಡ್ಡಿ ನಿಲ್ಲುತ್ತದೆ. ಬಡ್ಡಿ ನಿಂತರೆ ಮುದುಕ ಮಾಸ್ತರರ ಔಷಧಿ ನಿಲ್ಲುತ್ತದೆ. ಕಂಪನಿಯವರು ಅಲ್ಲಿ 'ಸಾಧಾರಣ' ಎಂದು ತುಂಬಿದ್ದರು. "ಸಾಧಾರಣ ಅಂದ್ರ ಎಷ್ಟ ಫೂಟ್ರೀ?" ಎಂದರು ಅಕ್ಕೋರು. ಅದಕ್ಕೇ ಈ ಪ್ರಯಾಣ.

ಹುಬ್ಬಳ್ಳಿಯಲ್ಲಿಳಿದು ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದೆವು. ನಾನು ಮಿರ್ಚಿಯನ್ನೂ ಹೇಳಿದೆ. "ಅದು ನಿಮ್ಮ ಕಿಸೇದಿಂದ್ರಿ, ನಿಧಿ ಖರ್ಚಿನ್ಯಾಗ ಹಿಡಸೂದಿಲ್ಲ" ಎಂದ ಅಕ್ಕೋರು ಅದರಲ್ಲಿ ಅರ್ಧ ತಾವೇ ಮುರಿದುಕೊಂಡರು. ಸುಳ್ಳದ ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಎರಡೂ ಕಡೆ ಕರಿಮಣ್ಣು ಒದ್ದೆಯಾಗಿತ್ತು ಎಂದು ಬರೆಯುವ ಆಸೆ. ಹಾಗೆ ಬರೆದರೆ ಮೋಡದ ವಿಷಯದಲ್ಲಿ ನಾನು ಗೆದ್ದಂತಾಗುತ್ತದೆ. ಬೇಡ.

ಗೋದಾಮು ರಸ್ತೆಯ ಬದಿಗೇ ಇತ್ತು. ಕಾವಲುಗಾರ ಬಸವಣ್ಣೆಪ್ಪ "ಬರ್ರಿ, ಬರ್ರಿ" ಎಂದು ನೀರು ಕೊಟ್ಟ. ಪಕ್ಕದ ಹಳ್ಳ ಏರಿ ನೀರು ನುಗ್ಗಿದಾಗಲೆಲ್ಲ, ಅದು ನಿಂತ ಮಟ್ಟಕ್ಕೆ ಮುಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುವುದು ಅವನ ಅಪ್ಪನ ಕಾಲದ ರೂಢಿ. ಆ ಗೆರೆಗಳನ್ನು ಅಳೆಯಲೆಂದೇ ನಾವು ಬಂದದ್ದು. ಗೋಡೆ ಅಚ್ಚ ಬಿಳಿಯಾಗಿತ್ತು.

"ಗೆರಿ ಎಲ್ಲ್ಯಾವಪಾ?" ಎಂದರು ಅಕ್ಕೋರು.

"ಮಾಸ್ತರ ಮಂದಿ ಬರ್ತಾರಂತ ನಿನ್ನಿ ಸುಣ್ಣಾ ಹೊಡದೇನ್ರಿ" ಎಂದ ಹೆಮ್ಮೆಯಿಂದ.

ಅಕ್ಕೋರು ಗೋಡೆಗೆ ಬೆರಳು ಒರೆಸಿ ನೋಡಿದರು. "ಛಲೋ ಹೊಡದಿ. ಲೆಕ್ಕಾ ಮುಗಿಯೂದ್ರಾಗ ಬೋರ್ಡ್ ಒರಸಿದಂಗಾತು. ಹೋದ ಸಲ ಎಷ್ಟ ಬಂದಿತ್ತು?"

ಅವನು ಮೊಣಕಾಲು ಮುಟ್ಟಿ ತೋರಿಸಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನೀಲವ್ವ ಹೊರಗೆ ಬಂದಳು.

"ನೀವು ಹೊರಸಿನ ಮ್ಯಾಲ ಹತ್ತಿ ನಿಂತಿದ್ರಿ, ಮೊಣಕಾಲ ಮಟ್ಟನ ಬರ್ತೈತಿ! ನಾ ನೆಲದಾಗಿದ್ನಿ. ಎದಿ ಮಟ್ಟ ಇತ್ರಿ ಅಕ್ಕೋರ."

"ಎದಿ ಅಲ್ಲ, ನಡಾ."

"ತೊಯ್ಸಿಕೊಂಡಾಕಿ ನಾನೋ, ನೀವೋ?"

ಬಸವಣ್ಣೆಪ್ಪನ ಮುಖ ಸಣ್ಣದಾಯಿತು. "ರೊಕ್ಕಾ ಕೊಡೂದಿಲ್ಲ ಅನಬ್ಯಾಡ್ರಿ. ಗೋದಾಮ ಮುಚ್ಚಿದ್ರ ನಾವೆಲ್ಲಿ ಹೋಗೂದ್ರಿ?"

"ಇಲ್ಲ ಅಂದವ್ರ್ಯಾರು? ನಿಲ್ಲವಾ ನೀಲವ್ವ, ಗ್ವಾಡಿಗೆ ಬೆನ್ನ ಹಚ್ಚಿ ನಿಲ್ಲು." ಅಕ್ಕೋರು ಚೀಲದಿಂದ ಶಾಲೆಯ ಕಟ್ಟಿಗೆ ಸ್ಕೇಲು ತೆಗೆದು ನೆಲದಿಂದ ಅವಳ ಎದೆಮಟ್ಟದವರೆಗೆ ಅಳೆದರು. ಮೂರೂವರೆ ಅಡಿ. ಅದರ ಮೇಲೆ ಒಂದು ಅಡಿ ಕೂಡಿಸಿದರು. ಆ ಒಂದಡಿ ಯಾಕೆಂದು ನಾನು ಕೇಳಿದೆ. "ಹಳ್ಳ ಇನ್ನ ಮ್ಯಾಲ ಮೊದಲಿನಂಗ ಬರ್ತದಂತ ಯಾರು ಹೇಳ್ಯಾರ್ರಿ?" ಗೋದಾಮಿನ ನೆಲ ನಾಲ್ಕೂವರೆ ಅಡಿ ಎತ್ತರಿಸಿದರೆ ಮಾತ್ರ ಬಾಂಡು ಕೊಳ್ಳುವುದು ಎಂದು ಅಲ್ಲಿಯೇ ಕೂತು ಷರತ್ತು ಬರೆದೆವು. ಬಿಸಿ ರೊಟ್ಟಿ, ಎಣ್ಣೆಗಾಯಿ ಬಂದವು. ಕೊನೆಯ ರೊಟ್ಟಿಗೆ ಬೇಡವೆಂದರೂ ನೀಲವ್ವ ಕೇಳಲಿಲ್ಲ.

ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಬಸವಣ್ಣೆಪ್ಪ ಇದ್ದಿಲು ಹಿಡಿದು ಸುಣ್ಣದ ಗೋಡೆಯ ಮುಂದೆ ನಿಂತಿದ್ದ. ಪಕ್ಕದಲ್ಲಿ ನೀಲವ್ವ, ಇನ್ನೂ ಮೇಲೆ ಎಂದು ಕೈ ಮಾಡುತ್ತಿದ್ದಳು. ನಮಗೆ ಕೈ ಬೀಸುತ್ತಿದ್ದಳೋ ಏನೋ.

ಆಮೇಲೆ ನಿಧಿ ಆ ಷರತ್ತಿಗೆ ಸಹಿ ಹಾಕಿತು. ಆದರೆ ನೀರು ನಿಜವಾಗಿ ಎಲ್ಲಿಯವರೆಗೆ ಬಂದಿತ್ತು ಎಂಬುದು ನನಗೆ ಗೊತ್ತಿಲ್ಲ. ನಾಲ್ಕೂವರೆ ಅಡಿ ಸಾಕೇ ಎಂಬುದೂ ಗೊತ್ತಿಲ್ಲ.