ಒಡ್ಡಿನ ಕೆಳಗೆ ಸಿಕ್ಕ ಸಾಲ್ಮನ್

ನಮ್ಮ ಪಕ್ಕದ ಮನೆಯ ಜೆನಿಟಾಗೆ ನೆಮ್ಮದಿ ಎಂಬುದು ಜಾತಕದಲ್ಲೇ ಇಲ್ಲ. ಕ್ರೈಸ್ತರಿಗೆ ಜಾತಕ ಎಲ್ಲಿಂದ ಬಂತು ಎನ್ನಬೇಡಿ. ಬರೆಸಿದ್ದರೆ ಹಾಗೇ ಬರುತ್ತಿತ್ತು. ಲಂಡನ್ನಿನ ಅಂಚಿನ ಹೇಸ್‌ನಲ್ಲಿ ನಮಗೂ ಅವರಿಗೂ ನಡುವೆ ಇರುವುದು ಒಂದು ತೆಳು ಗೋಡೆ. ಆ ಕಡೆ ಅವಳು ಮೆಟ್ಟಿಲು ಹತ್ತುವುದು, ಇಳಿಯುವುದು, ಏನೋ ಮರೆತು ಮತ್ತೆ ಹತ್ತುವುದು ಎಲ್ಲ ನನಗೆ ಕೇಳುತ್ತದೆ. ಮೈಸೂರಿನ ಸಸ್ಯಾಹಾರಿ ಮನೆಯಲ್ಲಿ ಬೆಳೆದು ಮೀನಿನ ವಾಸನೆಗೆ ಮೂಗು ಮುಚ್ಚುವ ನಾನು ಅವಳ ಸ್ನೇಹಕ್ಕೆ ಬಿದ್ದದ್ದು ನನ್ನ ಗಂಡನಿಗೆ ಇವತ್ತಿಗೂ ಸೋಜಿಗ.

ಜೆನಿಟಾ ಕಲ್ಯಾಣಪುರದವಳು, ಮಂಗಳೂರಿನಲ್ಲಿ ಮೀನಿನ ಬಗ್ಗೆಯೇ ಓದಿದವಳು. ಇಲ್ಲಿ ಒಂದು ನದಿ ಸಂಸ್ಥೆಯ ಲ್ಯಾಬ್‌ನಲ್ಲಿ ಅವಳಿಗೆ ಕೆಲಸ. ಏನು ಕೆಲಸವೆಂದರೆ, ಮೀನಿನ ಕುಲಗೋತ್ರ ವಿಚಾರಿಸುವುದು. ಥೇಮ್ಸ್ ಸೇರುವ ಒಂದು ಸಣ್ಣ ಹೊಳೆಗೆ ಸಂಸ್ಥೆಯವರು ವರ್ಷವರ್ಷವೂ ಸಾಲ್ಮನ್ ಮರಿ ಬಿಡುತ್ತಾರೆ. ಮರಿಗಳು ಸಮುದ್ರಕ್ಕೆ ಹೋಗಿ ದೊಡ್ಡವಾಗಿ, ಬೆಳೆದ ಹೊಳೆಗೇ ಮರಳಬೇಕು. ಅದೇ ಹೊಳೆಗೆ ಬೇರೆ ನದಿಗಳ ಸಾಲ್ಮನ್‌ಗಳೂ ದಾರಿತಪ್ಪಿ ಬರುತ್ತವೆ. ಕಣ್ಣಿಗೆ ಎರಡೂ ಒಂದೇ. ಬಿಟ್ಟ ಮರಿಗಳ ತಂದೆತಾಯಿಯ ಡಿಎನ್‌ಎ ಲ್ಯಾಬ್‌ನಲ್ಲಿದೆ. ಸಿಕ್ಕ ಮೀನಿನದನ್ನು ಅದಕ್ಕೆ ಹೋಲಿಸಿ, ಇದು ನಮ್ಮದೋ ಹೊರಗಿನದೋ ಎಂದು ಹೇಳುವವಳು ಜೆನಿಟಾ. ಇಷ್ಟು ವರ್ಷಗಳಲ್ಲಿ ಅವಳ ಕೈಗೆ ಬಂದವೆಲ್ಲ ಹೊರಗಿನವೇ.

ಹೋದ ಬೇಸಗೆಯಲ್ಲಿ ಸಂಸ್ಥೆ ಖಡಾಖಂಡಿತವಾಗಿ ಹೇಳಿತು: ಈ ಸಲವೂ ನಮ್ಮದೊಂದು ಮರಳದಿದ್ದರೆ ಮರಿ ಬಿಡುವುದು ಬಂದ್. ಅದರೊಂದಿಗೆ ಜೆನಿಟಾಳ ಕೆಲಸವೂ ಬಂದ್. ಅಲ್ಲಿಂದ ಅವಳು ಬಾಣಲೆಗೆ ಬಿದ್ದ ಸಾಸಿವೆಯಾದಳು. ರಜೆಯಿದ್ದರೂ ಹೊಳೆ, ಮಳೆಯಿದ್ದರೂ ಹೊಳೆ. "ಮೀನು ಬರೋದಾದ್ರೆ ನೀನು ನೋಡ್ದೇ ಇದ್ರೂ ಬರತ್ತೆ ಕಣೇ" ಎಂದರೆ, "ಬಂದು ಹೋದ್ರೆ ಎಂತ ಮಾಡುದು ವಿಜಯಕ್ಕ?" ಎನ್ನುತ್ತ ಬೂಟು ಏರಿಸುತ್ತಿದ್ದಳು. ನೋಡಿ ನೋಡಿ ನನಗೇ ಎದೆ ಡವಡವ.

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ, ಹೊಳೆಗೆ ಅಡ್ಡ ಕಟ್ಟಿದ ಹಳೆಯ ಒಡ್ಡಿನ ಕೆಳಗೆ ಮೊಳ ಮೀರಿದ ಸಾಲ್ಮನ್ ಒಂದು ಆಗಷ್ಟೇ ಸತ್ತು ಬಿದ್ದಿತ್ತು. ಒಡ್ಡು ಹಾರಲು ಹೋಗಿ ಹೋಗಿ ಮೂತಿ ಜಜ್ಜಿಹೋಗಿತ್ತು. ನಿಯಮದ ಪ್ರಕಾರ ಅಲ್ಲೇ ರೆಕ್ಕೆಯ ಚೂರು ಕತ್ತರಿಸಿ ತೆಗೆದಿಡಬೇಕು. ಆದರೆ ಅವತ್ತೇ ಇಲ್ಲಿರುವ ಮಂಗಳೂರು ಕಡೆಯ ಕ್ರೈಸ್ತರೆಲ್ಲ ಸೇರಿ ಮೊಂತಿ ಹಬ್ಬ, ಅಂದರೆ ಏಸುವಿನ ತಾಯಿಯ ಹುಟ್ಟುಹಬ್ಬ, ಇಟ್ಟುಕೊಂಡಿದ್ದರು. ಮರಿಯಮ್ಮನಿಗೆ ಹೂವು ಎಸೆಯಲು ಮಗಳು ವಲೀಶಾ ಬುಟ್ಟಿ ಹಿಡಿದು ಕಾಯುತ್ತಿದ್ದಾಳೆಂದು ಫೋನಿನ ಮೇಲೆ ಫೋನು. ಜೆನಿಟಾ ಮೀನನ್ನು ಚೀಲದಲ್ಲಿ ಸುತ್ತಿ ಮನೆಯ ಫ್ರೀಜರಿಗೆ ತುರುಕಿ ಇಗರ್ಜಿಗೆ ಓಡಿದಳು. ಸೋಮವಾರ ಲ್ಯಾಬ್ ತೆಗೆದ ಮೇಲೆ ನೋಡಿದರಾಯಿತು ಎಂದುಕೊಂಡಳು.

ಮೊಂತಿ ಹಬ್ಬದ ದಿನ ಅವರಲ್ಲಿ ಮೀನಿಲ್ಲ, ಮಾಂಸವಿಲ್ಲ. ಹೊಸ ತೆನೆಯ ಅಕ್ಕಿ, ಬರೀ ತರಕಾರಿ. ಆ ಒಂದು ದಿನ ನಾನು ಅವರ ಮನೆಯಲ್ಲಿ ನಿಶ್ಚಿಂತೆಯಿಂದ ಉಣ್ಣುತ್ತೇನೆ. ಮರುದಿನ ಮಾತ್ರ ಅವರ ನಾಲಗೆ ಮೀನಿಗೆ ಹಾತೊರೆಯುತ್ತದೆ. ಭಾನುವಾರ ಜೆನಿಟಾ ಮತ್ತೆ ಹೊಳೆಗೆ ಹೋಗಿದ್ದಾಗ ಅತ್ತೆ ಕಾರ್ಮಿನ್‌ಬಾಯಿ ಫ್ರೀಜರ್ ತೆಗೆದರು. ಹಬ್ಬದ ಮರುದಿನಕ್ಕೆಂದೇ ಸೊಸೆ ಒಳ್ಳೆಯ ಮೀನು ತಂದಿಟ್ಟಿದ್ದಾಳೆ, ಜಾಣೆ ಎಂದು ಹಿಗ್ಗಿ, ಬಫಾತ್ ಮಸಾಲೆ ಹುಡಿ ಹಾಕಿ ಸಾರು ಮಾಡಿಬಿಟ್ಟರು.

ಜೆನಿಟಾ ಕಿರುಚಿದ್ದು ಗೋಡೆಯಾಚೆ ಕೇಳಿ ಓಡಿಹೋದೆ. ಮೀನಿನ ತಲೆಯನ್ನು ಅವಳ ಗಂಡ ಆಲನ್ ಆಗಲೇ ಚೀಪಿ ಮುಗಿಸಿದ್ದ. ನನ್ನನ್ನು ಕಂಡದ್ದೇ ಅತ್ತೆ ಸೊಸೆ ಕೊಂಕಣಿ ಬಿಟ್ಟು ಕನ್ನಡದಲ್ಲಿ ಜಗಳಕ್ಕಿಳಿದರು. ಪಂಚಾಯ್ತಿಗೆ ಜನ ಬೇಕಲ್ಲ.

"ಮಾಂಯ್, ಅದು ತಿನ್ಲಿಕ್ಕೆ ತಂದದ್ದಲ್ಲ!"

"ಮೀನು ತಿನ್ಲಿಕ್ಕೆ ಅಲ್ಲದೆ ಮತ್ತೆ ಎಂತಕ್ಕೆ? ಗೋಡೆಗೆ ತೂಗು ಹಾಕ್ಲಿಕ್ಕಾ?" ಎಂದರು ಕಾರ್ಮಿನ್‌ಬಾಯಿ.

"ಇಟ್ ವಾಸ್ ರಿಯಲಿ ನೈಸ್, ಮಮ್" ಎಂದಳು ವಲೀಶಾ, ಉರಿಯುವ ಒಲೆಗೆ ತುಪ್ಪ ಹಾಕಿದಂತೆ.

ಜೆನಿಟಾಗೆ ಒಂದೇ ಆಸೆ ಉಳಿದಿತ್ತು, ಬೇಯದೆ ಉಳಿದದ್ದರಲ್ಲಾದರೂ ಡಿಎನ್‌ಎ ಸಿಕ್ಕೀತೆಂದು. "ಹೆರೆದ ಹುರುಪೆ ಎಲ್ಲಿ ಹಾಕಿದ್ರಿ?"

"ಯಾವಾಗ್ಲೂ ಎಲ್ಲಿ ಹಾಕುದು? ಕರಿಬೇವಿನ ಬುಡಕ್ಕೆ."

ಕರಾವಳಿಯವರು ಮೀನು ತೊಳೆದ ನೀರನ್ನು, ಹೆರೆದ ಹುರುಪೆಯನ್ನು ಚರಂಡಿಗೆ ಚೆಲ್ಲುವವರಲ್ಲ, ಗಿಡಕ್ಕೆ ಹಾಕುವವರು. ಲಂಡನ್ನಿನ ಕುಂಡದಲ್ಲೂ ಅದೇ ಪದ್ಧತಿ. ತೊಂದರೆಯೆಂದರೆ, ಆ ಮಣ್ಣಿನಲ್ಲಿ ತಿಂಗಳುಗಟ್ಟಲೆ ತಿಂದ ಮೀನುಗಳ ಹುರುಪೆಯೆಲ್ಲ ಇತ್ತು, ಅಂಗಡಿಯಿಂದ ತಂದ ಸಾಕಿದ ಸಾಲ್ಮನ್‌ನದೂ ಸೇರಿ. ಕೈಗವಸು ಹಾಕಿ ನಾನೂ ಮಣ್ಣು ಕೆದಕಿದೆ. ನಮ್ಮ ಮನೆದೇವರು ಅವತ್ತು ಕಣ್ಣು ಮುಚ್ಚಿಕೊಂಡಿರಬೇಕು. ಮರದ ಹಾಗೆ ಹುರುಪೆಯಲ್ಲೂ ಬಳೆಗಳಿರುತ್ತವಂತೆ. ಸಾಕಿದ ಸಾಲ್ಮನ್‌ನದು ಒಂದೇ ಸಮ. ಹೊಳೆಯಲ್ಲಿ ಚಳಿಗಾಲ ಕಳೆದು ಸಮುದ್ರಕ್ಕೆ ಹೋದದ್ದರದು ಮೊದಲು ಒತ್ತೊತ್ತು, ಆಮೇಲೆ ಅಗಲ. ಜೆನಿಟಾ ಅಂಥವನ್ನು ಮೈಕ್ರೋಸ್ಕೋಪಿನಡಿ ಆರಿಸಿ ಡಿಎನ್‌ಎ ತೆಗೆದಳು.

ಉತ್ತರ ಬರುವ ತನಕ ಅವಳೂ ನಿದ್ದೆ ಮಾಡಲಿಲ್ಲ, ಗೋಡೆಯ ಈಚೆ ನಾನೂ ಮಾಡಲಿಲ್ಲ. ಕೊನೆಗೊಂದು ಮಧ್ಯಾಹ್ನ ಅವಳು ಕೋಟೂ ಬಿಚ್ಚದೆ ಅಡುಗೆಮನೆಯಲ್ಲಿ ನಿಂತು ಹೇಳಿದಳು. "ಹೊರಗಿನದ್ದೇ."

ಕಾರ್ಮಿನ್‌ಬಾಯಿಯ ಮುಖ ಸಣ್ಣದಾಯಿತು. "ಇಲ್ಲಿಯದ್ದು ಅಂತ ಬರ್ದು ಬಿಡು ಮಾರಾಯ್ತಿ. ಯಾರು ಕೇಳ್ತಾರೆ? ಸಾಕ್ಷಿ ನಮ್ಮ ಹೊಟ್ಟೆಗೆ ಹೋಯ್ತಲ್ಲ."

ಮುಚ್ಚಿಡುವುದೇಕೆ, ನನಗೂ ಅದೇ ಸರಿ ಅನ್ನಿಸಿತು. ಕೆಲಸ ಉಳಿಯುತ್ತದೆ, ಮರಿಗಳೂ ಉಳಿಯುತ್ತವೆ, ಯಾರಿಗೇನು ನಷ್ಟ? "ನಿಮ್ಮತ್ತೆ ಹೇಳೋದ್ರಲ್ಲಿ ತಪ್ಪೇನಿದೆ?" ಎಂದೂಬಿಟ್ಟೆ.

"ಆಗುದಿಲ್ಲ ವಿಜಯಕ್ಕ" ಎಂದು ಜೆನಿಟಾ ಸಿಂಕಿನಿಂದ ಬಾಗಿಲಿಗೆ, ಬಾಗಿಲಿನಿಂದ ಸಿಂಕಿಗೆ ಓಡಾಡತೊಡಗಿದಳು.

ಸೊಸೆಯನ್ನು ಸಮಾಧಾನ ಮಾಡಲು ಕಾರ್ಮಿನ್‌ಬಾಯಿ ಫ್ರೀಜರಿನಿಂದ ಹಳೆಯ ಐಸ್‌ಕ್ರೀಮ್ ಡಬ್ಬಿಯೊಂದನ್ನು ತೆಗೆದರು. "ಬೇಜಾರು ಮಾಡ್ಬೇಡ. ನಿನಗೆ ಇಷ್ಟ ಅಂತ ಮೊಟ್ಟೆ ಬೇರೆ ತೆಗೆದಿಟ್ಟಿದ್ದೇನೆ. ಪಾಪ, ಹೊಟ್ಟೆ ತುಂಬ ಇತ್ತು ಅದಕ್ಕೆ. ಹುರಿದು ಕೊಡ್ಲಾ?"

ಡಬ್ಬಿಯ ತುಂಬ ಕಿತ್ತಳೆ ಬಣ್ಣದ ಮೊಟ್ಟೆ. ಜೆನಿಟಾ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದಳು.

"ಇಷ್ಟು ವರ್ಷ ನಾನು ಒಂದೇ ಕೇಳಿದ್ದು, ಇದರ ತಾಯಿ ಯಾರು ಅಂತ. ಇದೇ ತಾಯಿ ಆಗ್ಲಿಕ್ಕೆ ಅಂತ ಇಲ್ಲಿಗೆ ಬಂದದ್ದು ವಿಜಯಕ್ಕ. ಗೊತ್ತಿರ್ಲಿಲ್ಲ ಅಂತ ಅಲ್ಲ, ನಾನು ಯೋಚನೆಯೇ ಮಾಡ್ಲಿಲ್ಲ. ಮೊಟ್ಟೆ ಇಡ್ಲಿಕ್ಕೆ ಮೇಲೆ ಹೋಗ್ಲಿಕ್ಕಾಗದೆ ಇದು ಕೆಳಗೆ ಒಡ್ಡಿಗೆ ತಲೆ ಚಚ್ಚಿಕೊಂಡು ಸತ್ತಿತು, ನಾವು ಮೇಲೆ ನಿಂತು ಮರಿ ಬಿಡ್ತಾ ಇದ್ದೆವು."

ನನಗೆ ಅಳು ತಡೆಯಲಾಗಲಿಲ್ಲ. ಸತ್ತ ಮೀನಿಗೆ ನಾನು ಅತ್ತದ್ದು ಅದೇ ಮೊದಲು.

ಜೆನಿಟಾ ಅಲ್ಲೇ ತನ್ನ ಮೇಲಧಿಕಾರಿಗೆ ಫೋನ್ ಮಾಡಿದಳು. ಇಂಗ್ಲಿಷಿನಲ್ಲಿ ಎಲ್ಲ ಹೇಳಿದಳು: ಮೀನು ಹೊರಗಿನದು, ನಿಯಮ ಮುರಿದು ಮನೆಗೆ ತಂದದ್ದು ತಾನು, ಮನೆಯವರು ಸಾರು ಮಾಡಿ ಉಂಡರು, ಹೊಟ್ಟೆಯಲ್ಲಿ ಮೊಟ್ಟೆ ಇತ್ತು. ಇನ್ನು ಮರಿ ಬಿಡುವುದು ಬೇಡ, ಆ ಒಡ್ಡು ತೆಗೆದುಬಿಡಿ, ಹೊರಗಿನಿಂದ ಬಂದವೇ ಮೇಲೆ ಹತ್ತಿ ಮೊಟ್ಟೆ ಇಡಲಿ ಎಂದಳು. ಆ ಕಡೆಯವರು ಏನೋ ಕೇಳಿದರು. "ಗೊತ್ತು, ನನ್ನ ಕೆಲಸ ಹೋಗುತ್ತದೆ" ಎಂದಳು ಜೆನಿಟಾ. "ಒಡ್ಡು ಯಾವಾಗ ತೆಗೆಯುತ್ತೀರಿ, ಅದು ಹೇಳಿ."