ಟೇಪಿನೊಳಗಿನ ಎರಡು ಬೆರಳು

ದೇವಿಂದ್ರಪ್ಪ ಟೇಲರ್ ಅವರನ್ನು ನಾನು ಮೊದಲು ನೋಡಿದ್ದು ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಸೋಮವಾರ ಮಧ್ಯಾಹ್ನ. ಅಂಗಡಿಯ ಕಲ್ಲುಹಾಸಿನ ತುಂಬ ಬಟ್ಟೆಯ ಚೂರು ಬಿದ್ದಿದ್ದವು. ಅವರು ಹೊಲಿಗೆ ಮಷೀನಿನ ಮೇಲೆ ಎಷ್ಟು ಬಾಗಿ ಕೂತಿದ್ದರೆಂದರೆ ನನಗೆ ಮೊದಲು ಕಂಡದ್ದು ಮುಖವಲ್ಲ, ಬೆನ್ನು. ತೆಳು ಬನಿಯನ್ನಿನ ಕೆಳಗೆ ಬೆನ್ನೆಲುಬಿನ ಮಣಿಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದೆ. ಪ್ರಾಣಿಶಾಸ್ತ್ರ ಓದಿದವನಿಗೆ ಅಂಥ ಬೆನ್ನು ಕಂಡರೆ ಸುಮ್ಮನಿರಲು ಆಗುತ್ತದೆಯೇ? ಬಾಗಿಲಲ್ಲೇ ನಿಂತು ಕತ್ತಿನ ಬುಡದಿಂದ ಎಣಿಸತೊಡಗಿದೆ.

"ಏನ್ ನೋಡಾಕತ್ತೀರಿ? ಒಳಗ ಬರ್ರಿ, ಕುಂದ್ರಿ," ಎಂದರು ಅವರು, ತಲೆ ಎತ್ತದೆ.

ನನಗೆ ಹೊಲಿಸಬೇಕಾದದ್ದು ಏನೂ ಇರಲಿಲ್ಲ. ಪೊಲೀಸ್ ಭರ್ತಿಗೆ ಅರ್ಜಿ ಹಾಕಿದ್ದೆ. ಎದೆ ಎಂಬತ್ತಾರು ಸೆಂಟಿಮೀಟರ್ ಇರಬೇಕು, ಉಸಿರು ತುಂಬಿದಾಗ ಇನ್ನೂ ಐದು ಹಿಗ್ಗಬೇಕು. ನಮ್ಮೂರು ಆಡಕಿ, ಅಲ್ಲಿ ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೊಬ್ಬನೇ. ಹಾಗಾಗಿ ಸರಕಾರಿ ನೌಕರಿ ಹಿಡಿಯುವವನೂ ನಾನೇ ಎಂದು ಮನೆಯವರೆಲ್ಲ ನಂಬಿದ್ದರು. ಊರಲ್ಲೇ ಎದೆ ಅಳೆಸಿಕೊಂಡರೆ ಸಂಜೆಯೊಳಗೆ ಅದು ಎಲ್ಲರ ಬಾಯಲ್ಲಿರುತ್ತದೆಂದು ಸೇಡಂಗೆ ಬಂದಿದ್ದೆ.

ವಿಷಯ ಕೇಳಿ ದೇವಿಂದ್ರಪ್ಪ ಮಷೀನು ನಿಲ್ಲಿಸಿದರು. ಮೂಲೆಯಲ್ಲಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದ ಹೆಂಡತಿಯ ಕಡೆ ತಿರುಗಿ, "ಕೇಳಿದೇನು ಸಾಬಮ್ಮ? ಅಂಗಿ ಹೊಲಿಸೋ ಮಂದಿ ಹೋಯ್ತು, ಎದಿ ಹೊಲಿಸೋ ಮಂದಿ ಬಂತು," ಎಂದರು.

"ಎದಿ ಎಲ್ಲದ ಅಂತ ಮೊದಲ ಕೇಳ್ರಿ," ಎಂದಳು ಸಾಬಮ್ಮ.

ಅವರು ಟೇಪು ತಿರುಗಿಸಿ, ಎಂದೂ ಬಳಸದ ಸೆಂಟಿಮೀಟರ್ ಬದಿಯನ್ನು ಹೊರಗೆ ಮಾಡಿ ನನ್ನ ಎದೆಗೆ ಸುತ್ತಿದರು. ಕನ್ನಡಕ ಮೂಗಿನ ತುದಿಗೆ ಇಳಿಯಿತು. "ಎಂಬತ್ತೇಳು. ಫೌಜದಾರ್ ಸಾಹೇಬ್ರ, ನೀವು ಪಾಸ್."

ಅಂದಿನಿಂದ ಆ ಅಂಗಡಿಯಲ್ಲಿ ನಾನು ಫೌಜದಾರ್ ಸಾಹೇಬ. ಇನ್ನು ಉಳಿದದ್ದು ಹಿಗ್ಗಿಸುವುದು ಮಾತ್ರ, ಅದಂತೂ ನಾನು ಓದಿದ ವಿಷಯವೇ. ವಾರಕ್ಕೊಮ್ಮೆ ಹೋಗಿ ಅಳೆಸಿಕೊಳ್ಳುತ್ತಿದ್ದೆ, ಬದಲಿಗೆ ಪಾಠ ಮಾಡುತ್ತಿದ್ದೆ.

"ಪಕ್ಕೆಲುಬು ಹನ್ನೆರಡು ಜೋಡಿ. ಎಲ್ಲಾ ಹಿಂದ ಬೆನ್ನೆಲುಬಿಗೆ ಕೂಡ್ಯಾವ. ಮುಂದ ಏಳು ಜೋಡಿ ನೆಟ್ಟಗ ಎದಿ ಎಲುಬಿಗೆ ಹತ್ಯಾವ. ಮೂರು ತಮ್ಮ ಮ್ಯಾಲಿನವನ್ನ ಹಿಡ್ಕೊಂಡಾವ. ಕಡೀ ಎರಡು ಯಾವುದಕ್ಕೂ ಹತ್ತಿಲ್ಲ, ಸುಮ್ಮ ತೇಲಾಕತ್ತಾವ."

"ನಿನ್ನ ತಮ್ಮನಂಗ," ಎಂದರು ದೇವಿಂದ್ರಪ್ಪ ಹೆಂಡತಿಗೆ.

"ಅವಗ ತೇಲಾಕರೆ ಬರ್ತದ," ಎಂದಳು ಅವಳು.

ಉಸಿರು ಎಳೆದಾಗ ಪಕ್ಕೆಲುಬುಗಳು ಬಕೆಟ್ಟಿನ ಹಿಡಿಕೆ ಎದ್ದಂತೆ ಮೇಲೇಳುತ್ತವೆ ಎಂದು ನಮ್ಮ ಪುಸ್ತಕದಲ್ಲಿತ್ತು. ನಾನು ಬಚ್ಚಲಲ್ಲಿ ಬಕೆಟ್ಟು ಮುಂದಿಟ್ಟುಕೊಂಡು, ಹಿಡಿಕೆ ಎತ್ತುತ್ತ ಇಳಿಸುತ್ತ ಉಸಿರಾಡುವ ಅಭ್ಯಾಸ ಮಾಡಿದೆ. "ಇವ ಜಳಕ ಮಾಡ್ತಾನೋ ಬಕೀಟಿಗೆ ಕಸರತ್ತು ಕಲಿಸ್ತಾನೋ?" ಎಂದು ಅಪ್ಪ ಹೊರಗೆ ಅವ್ವನನ್ನು ಕೇಳುವುದು ಕಿವಿಗೆ ಬೀಳುತ್ತಿತ್ತು. ಹಿಗ್ಗು ಐದು ದಾಟಿತು. ನನ್ನ ಹಮ್ಮು ಅದಕ್ಕಿಂತ ಹೆಚ್ಚು ಹಿಗ್ಗಿತು. ದೇವಿಂದ್ರಪ್ಪನವರ ಬೆನ್ನನ್ನೂ ನೆಟ್ಟಗೆ ಮಾಡಿಬಿಡುತ್ತೇನೆಂದು ಅವರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಹಿಮ್ಮಡಿ ತಾಗಿತು, ಸೊಂಟ ತಾಗಿತು, ತಲೆ ಮಾತ್ರ ಏನು ಮಾಡಿದರೂ ತಾಗಲಿಲ್ಲ.

"ಈ ಬೆನ್ನ ಮಷೀನಿನ ಅಳತೀಗೆ ಹೊಲದದ್ದು, ಸಾಹೇಬ್ರ," ಎಂದರು. "ಗ್ವಾಡಿಗೆ ಹೊಂದಂಗಿಲ್ಲ."

ಭರ್ತಿಯ ದಿನ ಕಲಬುರಗಿಯ ಮೈದಾನದಲ್ಲಿ ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂತು. ಬಕೆಟ್ಟಿನ ಹಿಡಿಕೆಯನ್ನು ಕಣ್ಣ ಮುಂದೆ ತಂದುಕೊಂಡು ಉಸಿರೆಳೆಯಲು ಕಾದಿದ್ದೆ. ಅಳೆಯುವವರು ಟೇಪು ಸುತ್ತಿ, "ಎಂಬತ್ನಾಲ್ಕು. ಮುಂದಿನವರು," ಎಂದರು.

"ಸರ್, ಹಿಗ್ಗಸೋದು ನೋಡ್ರಿ."

"ಇದ್ರ ಹಿಗ್ಗತದ, ತಮ್ಮ. ನಡಿ."

ಊರಿಗೆ ಹೋಗಲು ಮುಖವಿರಲಿಲ್ಲ. ಸೇಡಂನಲ್ಲಿ ಇಳಿದು ನೇರ ಅಂಗಡಿಗೆ ಹೋದೆ. ಮತ್ತೊಮ್ಮೆ ಅಳೆಯಲು ಹೇಳಿದೆ. ಅಷ್ಟು ವಾರ ಎದೆ ಸೆಟೆಸಿ ಚಾವಣಿ ನೋಡುತ್ತ ನಿಂತವನು ಅಂದು ಮೊದಲ ಸಲ ತಲೆ ಬಗ್ಗಿಸಿ ಟೇಪಿನ ಕಡೆ ನೋಡಿದೆ. ಟೇಪಿಗೂ ನನ್ನ ಎದೆಗೂ ನಡುವೆ ದೇವಿಂದ್ರಪ್ಪನವರ ಎರಡು ಬೆರಳಿದ್ದವು.

"ಬೆರಳ ಯಾಕ್ರಿ ಒಳಗ?"

"ಲೂಸ್ ಬಿಡಬೇಕಲ್ರಿ. ಬಿಗಿ ಹಿಡದ್ರ ಗಿರಾಕಿ ಉಣ್ಣೋದು ಹ್ಯಾಂಗ, ಉಸರಾಡೋದು ಹ್ಯಾಂಗ?"

ಹೇಳುತ್ತಲೇ ಅವರಿಗೆ ಹೊಳೆಯಿತು. ಬೆರಳು ಹೊರಗೆಳೆದರು. ಟೇಪು ನನ್ನ ಎದೆಯಿಂದ ಹೊಟ್ಟೆಗೆ ಜಾರಿತು. ಸಾಬಮ್ಮ ದಾರ ಕಚ್ಚಿ ಹಿಡಿದವಳು ಹಾಗೇ ಕೂತಳು.

"ನನ್ನ ಬೆರಳು ನಿಮ್ಮ ನೌಕರಿ ತಿಂದ್ವಲ್ರಿ," ಎಂದರು ಅವರು, ಟೇಪು ಸುತ್ತಿಡುತ್ತ.

"ಇಲ್ಲ ಬಿಡ್ರಿ. ಅವು ಇದ್ದಿದ್ದಕ್ಕ ಇಷ್ಟು ದಿನಾರೆ ಫೌಜದಾರ್ ಆಗಿದ್ದೆ."

ಸಾಬಮ್ಮ ಮೊದಲು ನಕ್ಕಳು. ನಂತರ ಅವರು. ನನಗೆ ನಗು ಬರಲು ಇನ್ನಷ್ಟು ದಿನ ಬೇಕಾಯಿತು.

ಈಗ ನಾನು ಚಿತ್ತಾಪುರದ ಹತ್ತಿರದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕ. ಮಕ್ಕಳಿಗೆ ಪಕ್ಕೆಲುಬಿನ ಪಾಠ ಮಾಡುವಾಗ ಬಕೆಟ್ಟನ್ನೇ ತರಿಸುತ್ತೇನೆ. ದೇವಿಂದ್ರಪ್ಪ ಹೊಲಿದುಕೊಟ್ಟ ಅಂಗಿ ಹಾಕಿಕೊಳ್ಳುತ್ತೇನೆ. ಅದು ಎಂಬತ್ತೇಳರ ಅಳತೆಯದು, ನನಗೆ ಸರಿಯಾಗಿ ಹೊಂದುತ್ತದೆ. ಅವರು ಈಗಲೂ ಅದೇ ಓಣಿಯಲ್ಲಿ, ಅದೇ ಮಷೀನಿನ ಮೇಲೆ ಬಾಗಿ ಅಂಗಿ ಹೊಲಿಯುತ್ತಾರೆ. ಭರ್ತಿಗೆ ಹೋಗುವ ಹುಡುಗರು ಬಂದರೆ ಬೆರಳು ಹೊರಗಿಟ್ಟು ಅಳೆಯುತ್ತಾರೆ.